ಜಿರಾಫೆಗೆ ಬೇಕಾದಷ್ಟು ತಪ್ಪು

ಮನೆಯಿಂದ, ಅಡುಗೆಮನೆಯ ಕಿಟಕಿಯ ಬಳಿ
ಹದಿನಾರನೇ ತಾರೀಖು, ಗುರುವಾರ, ಮಧ್ಯಾಹ್ನ ಊಟವಾದ ಮೇಲೆ

ನನ್ನ ಬಂಗಾರದ ದೊಡ್ಡ ಕೂಸಿಗೆ,

ಪತ್ರ ತಂದವರಿಗೆ ಮೊದಲು ಊಟ ಹಾಕು, ಆಮೇಲೆ ಕೂತು ಓದು. ಹೇಗಿದ್ದೀಯೆ? ಎಡಗಿವಿ ಚಳಿಗೆ ಈಗಲೂ ಗುಂಯ್ ಅನ್ನುತ್ತದೆಯೆ? ಬಿಸಿ ಎಣ್ಣೆ ಬಿಟ್ಟುಕೊಳ್ಳಬೇಡ, ನಾನು ಹಿಂದೆ ಹೇಳಿದ್ದು ತಪ್ಪಂತೆ, ಆಸ್ಪತ್ರೆಯ ನರ್ಸಮ್ಮ ಬೈದಳು. ಬೇಕರಿಯಲ್ಲಿ ಯಾರಾದರೂ ಎಡಗಡೆಯಿಂದ ಕರೆದರೆ ನಿನಗೆ ತಿಳಿಯುವುದಿಲ್ಲ, ಹುಡುಗಿಗೆ ಸೊಕ್ಕು ಅಂದುಕೊಳ್ಳುತ್ತಾರೆ, ಕಿವಿಯ ವಿಷಯ ಮೊದಲೇ ಹೇಳಿಬಿಡು, ನಾಚಿಕೆ ಯಾಕೆ. ಒಲೆಯೊಳಗಿಂದ ತಟ್ಟೆ ಎಳೆಯುವಾಗ ಕೈಗೆ ದಪ್ಪ ಬಟ್ಟೆ ಸುತ್ತಿಕೋ. ನನಗೆ ಮಂಡಿ ನೋವು ಬಿಟ್ಟರೆ ಬೇರೇನಿಲ್ಲ. ಕಣ್ಣು ಚೆನ್ನಾಗಿದೆ, ನಿನ್ನ ಹಳೇ ಪಾಠಪುಸ್ತಕ ನೋಡಿ ಕಲಿತ ಅಕ್ಷರ ಇನ್ನೂ ಮರೆತಿಲ್ಲ. ಒತ್ತಕ್ಷರ ತಪ್ಪಿದ್ದರೆ ನೀನೇ ಸರಿಮಾಡಿಕೊಂಡು ಓದು ತಾಯಿ.

ನಿಮ್ಮಪ್ಪ ಚೆನ್ನಾಗಿದ್ದಾನೆ, ಬಲಗೈ ಒಂದು ಬಿಟ್ಟು. ಕೈಯ ಸಂಗತಿ ಕೆಳಗೆ ಬರುತ್ತದೆ, ಅವಸರ ಮಾಡಬೇಡ. ನೀನು ಹೋಗಿ ನಾಲ್ಕು ವರ್ಷವಾದರೂ ಅವನ ದಿನಚರಿ ಒಂದು ಎಳೆ ಬದಲಾಗಿಲ್ಲ. ಬೆಳಕು ಹರಿಯುವ ಮುಂಚೆ ಎದ್ದು ತಣ್ಣೀರು ಸ್ನಾನ, ಗೋಡೆಗೆ ಮುಖ ಮಾಡಿ ನಿಂತು ಪ್ರಾರ್ಥನೆ, ಅಷ್ಟು ಹೊತ್ತೂ ಮನೆಯಲ್ಲಿ ಲೋಟ ಸದ್ದಾಗಬಾರದು. ಆಮೇಲೆ ಮುಂದಿನ ಕೋಣೆಯ ಬಾಗಿಲು ತೆಗೆದು ಶಾಲಾ ಮಕ್ಕಳ ಬಟ್ಟೆ ಕತ್ತರಿಸಲು ಕೂರುತ್ತಾನೆ. ಒಳಗೆ ನಿಮ್ಮಮ್ಮ ಅವಳ ಮಿಷನ್ನಿನಲ್ಲಿ ಕಾಜ, ಗುಂಡಿ, ಅಂಚು. ಅವನ ಬಾಯಲ್ಲಿ ಒಂದು ಕೆಟ್ಟ ಮಾತಿಲ್ಲ, ಕುಡಿತವಿಲ್ಲ, ಅಳತೆಯಲ್ಲಿ ಒಂದು ಗೇಣು ಬಟ್ಟೆ ಕದ್ದವನಲ್ಲ. ಭಾನುವಾರ ಪ್ರಾರ್ಥನಾ ಮಂದಿರದಲ್ಲಿ ಅವನದೇ ಪಾರಾಯಣ. ಗಂಡ ಹೆಂಡತಿ ಜಗಳವಾಡಿದವರು ಬುದ್ಧಿ ಕೇಳಲು ಅವನ ಹತ್ತಿರವೇ ಬರುತ್ತಾರೆ, ನಗಬೇಡ.

ಇನ್ನು ಅವನ ಮರದ ಹುಚ್ಚು. ಹಿತ್ತಲಿನ ಮೆಟ್ಟಿಲ ಮೇಲೆ ಉಳಿ, ಚಾಕು, ಉಳಿ ಬಡಿಯುವ ಕೊಡತಿ ಹರಡಿಕೊಂಡು ಕೂತರೆ ಊಟ ನಿದ್ದೆ ಬೇಡ. ಮುಂದಿನ ಕೋಣೆಯ ಗಾಜಿನ ಕಪಾಟು ಈಗ ತುಂಬಿ ತುಳುಕುತ್ತಿದೆ. ಅಳತೆ ಕೊಡಲು ಬಂದವರೆಲ್ಲ ಗಾಜಿಗೆ ಮೂಗು ಒತ್ತಿ ನೋಡಿಯೇ ಹೋಗುವುದು. ಮಂದಿರದ ಹಿರಿಯರು ಹೋದ ತಿಂಗಳು ಬಂದವರು ಆಮೆಯನ್ನು ಕೈಯಲ್ಲಿ ಹಿಡಿದು, "ಮಕ್ಕಳಿಗೋಸ್ಕರ ಇಷ್ಟು ತಾಳ್ಮೆಯಿಂದ ಕೆತ್ತೋ ಅಪ್ಪ ಯಾರಿಗಿದ್ದಾನಮ್ಮ" ಅಂದರು. ನಾನು ಟೀ ತರುವ ನೆಪದಲ್ಲಿ ಒಳಗೆ ಬಂದೆ. ಆಮೆ ನಿನ್ನ ಮಣಿಕಟ್ಟು. ಶಾಲೆಯಿಂದ ತಡವಾಗಿ ಬಂದೆ ಅಂತ ಬಾಗಿಲ ಸಂದಿಗೆ ಸಿಕ್ಕಿಸಿ ಒತ್ತಿದನಲ್ಲ, ಅದು. ಒಂಟೆ ನಿಮ್ಮಮ್ಮನ ಭುಜದ ಮೂಳೆ. ಅದು ಕೂಡಿದ ಮೇಲೂ ಗಂಟುಗಂಟಾಗಿ ಉಳಿಯಿತು, ರವಿಕೆ ಹೊಲಿಯುವಾಗ ಆ ಒಂದು ಕಡೆ ಅವಳೇ ಸಡಿಲ ಬಿಟ್ಟುಕೊಳ್ಳುತ್ತಾಳೆ. ನಿನ್ನ ಕಿವಿಗೆ ಬಿದ್ದ ಏಟಿಗೆ ಮೊಲ. ಅಷ್ಟುದ್ದ ಕಿವಿಯ ಮೊಲವನ್ನೇ ಯಾಕೆ ಕೆತ್ತಿದ, ತಿಳಿದು ಕೆತ್ತಿದನೋ ತಿಳಿಯದೆಯೋ, ನನಗೆ ಇವತ್ತಿಗೂ ಗೊತ್ತಿಲ್ಲ. ಮೊಲ ಕೊಟ್ಟ ಮಾರನೇ ವಾರ ನೀನು ಮನೆ ಬಿಟ್ಟೆ. ಅದು ಕಪಾಟಿನ ಎರಡನೇ ಅಂತಸ್ತಿನಲ್ಲಿದೆ, ಧೂಳು ಹಿಡಿಯಲು ಅವನು ಬಿಡುವುದಿಲ್ಲ.

ಅವನ ಕ್ರಮ ನಿನಗೆ ಗೊತ್ತು. ಸಿಟ್ಟು ಬಂದ ಕೂಡಲೇ ಕೈ ಎತ್ತುವವನಲ್ಲ. ಮೊದಲು ಕಣ್ಣು ಮುಚ್ಚಿ ಪ್ರಾರ್ಥನೆ, ಆಮೇಲೆ ಕತ್ತರಿಸುವ ಮೇಜಿನ ಮೇಲಿನ ಮರದ ಸ್ಕೇಲನ್ನು ತಪ್ಪು ಮಾಡಿದವರೇ ತಂದುಕೊಡಬೇಕು. ಒಳಗೆ ನಿಮ್ಮಮ್ಮ ಮಿಷನ್ ತುಳಿಯಲು ಶುರುಮಾಡುತ್ತಾಳೆ. ಬಟ್ಟೆ ಇರಲಿ ಬಿಡಲಿ, ಬೀದಿಗೆ ಕೂಗು ಕೇಳಬಾರದು ಅಂತ ತುಳಿಯುತ್ತಲೇ ಇರುತ್ತಾಳೆ. ಆ ಸದ್ದಿಗಾಗಿ ನೀನು ಅವಳನ್ನು ಇನ್ನೂ ಕ್ಷಮಿಸಿಲ್ಲ ಅನ್ನುವುದು ನನಗೆ ಗೊತ್ತು. ನನ್ನ ಹೆಸರಿಗೆ ಬರುವ ಕಾಗದದಲ್ಲಿ ಅವಳಿಗೊಂದು ಸಾಲು ನೀನು ಬರೆದದ್ದಿಲ್ಲ. ಹೊಡೆದ ಮಾರನೇ ದಿನ ಅವನು ಹನಿ ನೀರು ಮುಟ್ಟುವುದಿಲ್ಲ. ಸಂಜೆ ಮೆಟ್ಟಿಲ ಮೇಲೆ ಕೂತು ಕೆತ್ತುತ್ತಾನೆ, ಕೆತ್ತುತ್ತಾ ಅಳುತ್ತಾನೆ, ಮುಗಿದ ಮೇಲೆ ಹೊಡೆಸಿಕೊಂಡವರ ಮಡಿಲಿಗೆ ತಂದಿಡುತ್ತಾನೆ. ಆ ಅಳು ನಾಟಕವಲ್ಲ ಕೂಸೇ. ನಾಟಕವಾಗಿದ್ದರೆ ನಾನು ಎಂದೋ ಅವನನ್ನು ಮನೆಯಿಂದ ಓಡಿಸುತ್ತಿದ್ದೆ.

ನಿನಗೆ ಹೇಳದ ಒಂದು ಮಾತು ಇದೆ. ಅವನ ಹುಬ್ಬಿನ ಮೇಲಿನ ಗಾಯದ ಗುರುತು ಬಾವಿಕಟ್ಟೆಯಿಂದ ಬಿದ್ದಾಗ ಆದದ್ದಲ್ಲ. ನಿಮ್ಮಜ್ಜ ಸತ್ತು ಒಂದು ವರ್ಷ, ನಾನು ಆರು ಮನೆಯ ಬಟ್ಟೆ ಒಗೆಯುತ್ತಿದ್ದೆ, ಅವನಿಗೆ ಏಳು ತುಂಬಿತ್ತು. ಒಣಗಿಸಿದ್ದ ಪರರ ಹಾಸಿಗೆ ಬಟ್ಟೆಯ ಮೇಲೆ ಕೆಸರುಗಾಲಲ್ಲಿ ಓಡಿದ. ಕೈಯಲ್ಲಿದ್ದ ಬಟ್ಟೆ ಬಡಿಯುವ ದೊಣ್ಣೆಯಿಂದಲೇ ಹೊಡೆದೆ. ಒಂದೇಟಿಗೆ ನಿಲ್ಲಿಸಲಿಲ್ಲ. ಅವನು ಬಿದ್ದ ಮೇಲೂ ಹೊಡೆದೆ, ರಕ್ತ ಕಣ್ಣಿಗಿಳಿದು ಅವನಿಗೆ ನಾನು ಕಾಣದಂತಾದ ಮೇಲೆ ನಿಲ್ಲಿಸಿದೆ. ಮಾರನೇ ದಿನ ನನಗೆ ಅನ್ನ ಗಂಟಲಿಗಿಳಿಯಲಿಲ್ಲ. ಅವನು ಬಹಳ ದಿನದಿಂದ ಆಸೆಪಡುತ್ತಿದ್ದ ಮಡಚುವ ಚಾಕು ತಂದುಕೊಟ್ಟೆ. ತಲೆಗೆ ಬಟ್ಟೆ ಕಟ್ಟಿಕೊಂಡೇ ಅವನು ನನ್ನ ಬಟ್ಟೆಸೋಪು ತೆಗೆದು ಒಂದು ಬಾತುಕೋಳಿ ಕೆತ್ತಿದ. ಎಷ್ಟು ಚೆನ್ನಾಗಿತ್ತು ಅಂತೀಯೆ. ನಾನು ಅವನನ್ನು ತಬ್ಬಿ ಮುತ್ತಿಟ್ಟೆ. ಆ ಬಾತುಕೋಳಿಯಲ್ಲೇ ಎರಡು ವಾರ ಬಟ್ಟೆ ಒಗೆದೆ.

ಈಗ ನಿನ್ನ ತಂಗಿಯ ವಿಷಯ. ನೀನು ಹೋದಾಗ ನಾಲ್ಕು ವರ್ಷದ ಗುಬ್ಬಿ, ಈಗ ಎಂಟು. ಮುಂದಿನ ಹಲ್ಲು ಎರಡು ಬಿದ್ದಿವೆ, ಅವು ತಾವಾಗಿ ಬಿದ್ದದ್ದು, ಹೆದರಬೇಡ. ಮಾತಿನ ಮಲ್ಲಿ. ಈ ವರ್ಷ ಅವಳ ಕೈಯಿಂದ ವಸ್ತುಗಳು ಒಡೆಯುವುದು ಜಾಸ್ತಿಯಾಯಿತು. ಮೊದಲು ಇಸ್ತ್ರಿಪೆಟ್ಟಿಗೆ ಕೆಳಗೆ ಬಿತ್ತು, ಅಂಗೈಗೆ ಏಟು, ಅಳಿಲು ಬಂತು. ಹತ್ತು ದಿನಕ್ಕೆ ಕನ್ನಡಿ ಹೋಯಿತು, ಮೀನಖಂಡಕ್ಕೆ ಏಟು, ನರಿ ಬಂತು. ಮಗು ತುಂಟಿ ಅಂದುಕೊಂಡೆ. ನನ್ನ ಕಣ್ಣಿಗೆ ಮಣ್ಣು ಬಿದ್ದಿತ್ತು ನೋಡು.

ಹೋದ ತಿಂಗಳ ಎರಡನೇ ಭಾನುವಾರ, ಮಧ್ಯಾಹ್ನ. ಬೆಳಗಿನ ಪ್ರಾರ್ಥನೆ ಮುಗಿಸಿ ಬಂದು ಪಾರಾಯಣಕ್ಕೆ ತೊಡುವ ನಿಲುವಂಗಿ ಕಳಚಿಟ್ಟು ಅವನು ಯಾರನ್ನೋ ನೋಡಲು ಹೊರಗೆ ಹೋಗಿದ್ದ. ನಾನು ಮುಂದಿನ ಕೋಣೆಗೆ ಹೋದರೆ ಗುಬ್ಬಿ ದೊಡ್ಡ ಕತ್ತರಿಯನ್ನು ಎರಡೂ ಕೈಯಲ್ಲಿ ಹಿಡಿದು ಆ ಬಿಳಿ ನಿಲುವಂಗಿಯನ್ನು ಕತ್ತಿನಿಂದ ಅಂಚಿನವರೆಗೆ ಸೀಳುತ್ತಿದ್ದಳು. ಮುಖದಲ್ಲಿ ಸಿಟ್ಟಿಲ್ಲ, ಭಯವಿಲ್ಲ, ಮನೆಪಾಠ ಬರೆಯುವವರ ಹಾಗೆ ನಾಲಿಗೆ ತುದಿ ಹೊರಗೆ. ಸೀಳಿ ಮುಗಿಸಿ, ಬಟ್ಟೆ ಮಡಿಸಿಟ್ಟು, ಸ್ಕೇಲನ್ನು ಮೇಜಿನ ತುದಿಗೆ ತಂದಿಟ್ಟು, ತೋಳು ಮೇಲೆ ಮಡಚಿಕೊಂಡು ಸ್ಟೂಲಿನ ಮೇಲೆ ಕೂತಳು. ಯಾಕೆ ಮಗಾ ಹೀಗೆ ಮಾಡಿದೆ ಅಂತ ಕೇಳಿದೆ. ಗುಟ್ಟು ಹೇಳುವ ಹಾಗೆ ನನ್ನ ಕಿವಿಗೆ ಬಾಯಿಟ್ಟಳು.

"ಅಜ್ಜಿ, ಈ ಸಲ ನಂಗೆ ಜಿರಾಫೆ ಬೇಕು. ಅದು ದೊಡ್ಡದಲ್ವಾ, ಅದಕ್ಕೆ ದೊಡ್ಡ ತಪ್ಪೇ ಮಾಡ್ಬೇಕು."

ನಾನು ಅವಳನ್ನು ಎತ್ತಿಕೊಂಡು ಎಲ್ಲಾದರೂ ಹೋಗಬೇಕಿತ್ತು. ಹೋಗಲಿಲ್ಲ. ಅವನು ಬಂದ, ನೋಡಿದ, ಕಣ್ಣು ಮುಚ್ಚಿದ. ಒಳಗೆ ಮಿಷನ್ ಶುರುವಾಯಿತು. ಸ್ಕೇಲು ಅವಳ ತೋಳಿಗೆ ಬಿತ್ತು, ಮತ್ತೆ ಬಿತ್ತು, ಅವಳು ತುಟಿ ಕಚ್ಚಿಕೊಂಡು ಮನಸ್ಸಿನಲ್ಲಿ ಏನೋ ಎಣಿಸುತ್ತಿದ್ದಳು. ನಾನು ತಡೆಯಲಾರದೆ ಅವಳು ಹೇಳಿದ್ದನ್ನು ಹೇಳಿಬಿಟ್ಟೆ. ಕೇಳಿದರೆ ಅವನ ಕೈ ಕೆಳಗಿಳಿಯುತ್ತದೆ ಅಂದುಕೊಂಡೆ, ಹೆತ್ತವಳ ಹುಚ್ಚು. ಅವನ ಮುಖ ಸುಣ್ಣವಾಯಿತು. "ದೇವರ ಮುಂದೆ ನಾನು ಅಳೋದು ಇವಳಿಗೆ ಆಟ" ಅಂದ. ಆಮೇಲೆ ಪ್ರಾರ್ಥನೆಯೂ ಇಲ್ಲ, ಕ್ರಮವೂ ಇಲ್ಲ. ಸ್ಕೇಲು ಅವಳ ಬೆನ್ನ ಮೇಲೆ ಎರಡು ತುಂಡಾಯಿತು. ಅವಳು ಮೇಜಿನ ಕೆಳಗೆ ನುಸುಳಿದಳು, ಕಾಲು ಹಿಡಿದು ಎಳೆದ. ಅವಳ ಹಣೆ ಮೇಜಿನ ಕಾಲಿಗೆ ಬಡಿದ ಸದ್ದು ಮಿಷನ್ನಿನ ಸದ್ದಿನೊಳಗೂ ನನಗೆ ಕೇಳಿತು. ಅವನು ಎಡಗೈಯಲ್ಲಿ ಅವಳ ಜಡೆ ಸುತ್ತಿಕೊಂಡು ಬಲಗೈಯನ್ನು ಮೇಜಿನ ಮೇಲೆ ಚಾಚಿದ. ಅಲ್ಲಿ ಇದ್ದದ್ದು ಆ ಕತ್ತರಿ. ಎತ್ತಿಕೊಳ್ಳಲು ಹೋದನೋ, ಆಸರೆಗೆ ಕೈ ಇಟ್ಟನೋ, ನನ್ನ ಪ್ರಾಣ ತೆಗೆದರೂ ಹೇಳಲಾರೆ. ಕಪಾಟಿನ ಪಕ್ಕ ಅವನ ಕೊಡತಿ ಇತ್ತು. ಎರಡೂ ಕೈಯಲ್ಲಿ ಎತ್ತಿ ಆ ಕೈಯ ಮೇಲೆ ಬಿಟ್ಟೆ. ಮತ್ತೊಮ್ಮೆ ಬಿಟ್ಟೆ. ಒಣಗಿದ ಕಡ್ಡಿ ಮುರಿದ ಹಾಗಾಯಿತು.

ಅವನು ನನ್ನನ್ನು ಹೊಡೆಯಲಿಲ್ಲ. ಕೈಯನ್ನು ಎದೆಗೆ ಅವುಚಿಕೊಂಡು ನನ್ನ ಮುಖ ನೋಡಿ "ಅಮ್ಮಾ" ಅಂದ. ಏಳು ವರ್ಷದ ದನಿ. ಅದೇ ಹೊತ್ತಿಗೆ ಒಳಗೆ ಮಿಷನ್ ನಿಂತಿತು. ಇಪ್ಪತ್ತಮೂರು ವರ್ಷದಲ್ಲಿ ಮೊದಲನೇ ಸಲ ಅವಳು ನಡುವೆ ಕಾಲು ತೆಗೆದದ್ದು. ನಮ್ಮ ಮನೆಯಲ್ಲಿ ಎಂಥ ಸದ್ದು ಇರುತ್ತದೆ ಅಂತ ಆಗ ನಮಗೆಲ್ಲ ಕೇಳಿಸಿತು. ಬೀದಿಗೂ ಕೇಳಿಸಿರಬೇಕು, ಎದುರು ಮನೆಯವರು ಕಿಟಕಿ ಮುಚ್ಚಿಕೊಂಡರು.

ಮೂರು ಬೆರಳು ಮುರಿದಿವೆ ಅಂದರು. ಬಾಗಿಲಿಗೆ ಸಿಕ್ಕಿತು ಅಂತ ಅವನು ಆಸ್ಪತ್ರೆಯಲ್ಲಿ ಹೇಳಿದ. ಅವನ ಬಾಯಲ್ಲಿ ನಾನು ಕೇಳಿದ ಮೊದಲ ಸುಳ್ಳು, ಅದೂ ನನ್ನನ್ನು ಕಾಯಲು. ಗುಬ್ಬಿಯ ಹಣೆಗೆ ನಾಲ್ಕು ಹೊಲಿಗೆ ಬಿತ್ತು. ಮಾರನೇ ದಿನ ನನಗೆ ಊಟ ಸೇರಲಿಲ್ಲ. ಸಂಜೆ ಏನು ಮಾಡುತ್ತಿದ್ದೇನೆ ಅಂತ ತಿಳಿಯದೆ ಅವನಿಗೆ ಇಷ್ಟವಾದದ್ದು ಏನು ಮಾಡಿಕೊಡಲಿ ಅಂತ ಡಬ್ಬಿಗಳನ್ನೆಲ್ಲ ತೆಗೆಯುತ್ತಿದ್ದೆ. ಕೈಯಲ್ಲಿ ಸಕ್ಕರೆ ಡಬ್ಬಿ ಹಿಡಿದು ನಿಂತುಬಿಟ್ಟೆ. ಈ ಮನೆಗೆ ಆ ಉಪವಾಸ ಯಾವ ದೇವರಿಂದಲೂ ಬಂದದ್ದಲ್ಲ, ನನ್ನಿಂದ ಬಂದದ್ದು. ಡಬ್ಬಿ ಮುಚ್ಚಿಟ್ಟು, ಒಂದು ತಟ್ಟೆ ತುಂಬ ಬಡಿಸಿಕೊಂಡು ಅವನ ಎದುರಿಗೇ ಕೂತು ಉಂಡೆ. ವಾಕರಿಕೆ ಬಂದರೂ ಉಂಡೆ.

ಈಗ ಮನೆ ತಣ್ಣಗಿದೆ. ಮಂದಿರದವರು ಹಣ್ಣು ತರುತ್ತಾರೆ. ಅವನು ಗುಬ್ಬಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಥೆ ಹೇಳುತ್ತಾನೆ, ಅವಳ ಹೊಲಿಗೆಯ ಗುರುತಿನ ಮೇಲೆ ಊದುತ್ತಾನೆ. ಎಡಗೈಯಲ್ಲೇ ಜಿರಾಫೆ ಶುರುಮಾಡಿದ್ದಾನೆ, ನಾಲ್ಕು ಕಾಲು ಮೂಡಿದೆ. ಅವಳು ಮರವನ್ನು ಹಿಡಿದುಕೊಡುತ್ತಾಳೆ. ನೋಡಿದವರು ಕಣ್ಣು ತುಂಬಿಕೊಳ್ಳುತ್ತಾರೆ. ಮೊನ್ನೆ ತಲೆ ಬಾಚುವಾಗ ಅವಳು ನನಗೆ ಹೇಳಿದಳು, ಇದಾದ ಮೇಲೆ ಆನೆಯಂತೆ. ಆನೆಗೆ ಏನು ಮಾಡಬೇಕು ಅಂತ ಇನ್ನೂ ಯೋಚಿಸುತ್ತಿದ್ದಾಳಂತೆ. ನಾಳೆ ಶುಕ್ರವಾರ ಬೆಳಿಗ್ಗೆ ಅವನ ಕೈಯ ಪಟ್ಟಿ ಬಿಚ್ಚುತ್ತಾರೆ.

ಅಷ್ಟೇ ಮಗಾ. ನಿನ್ನ ಕೇಳುವ ಕಿವಿಗೆ ಒಳ್ಳೆಯ ಮಾತೇ ಬೀಳಲಿ, ಕೇಳದ ಕಿವಿಯ ಪಕ್ಕ ಒಳ್ಳೆಯವರೇ ಕೂರಲಿ. ಬೆಚ್ಚಗಿರು.

ಇಂತಿ ನಿನ್ನ,
ಅಜ್ಜಿ

ಮರೆತಿದ್ದೆ: ನಾಳೆ ಆಸ್ಪತ್ರೆಗೆ ಅವನ ಜೊತೆ ನಾನು ಹೋಗುತ್ತೇನೆ. ಆ ಹೊತ್ತಿಗೆ ನಿಮ್ಮಮ್ಮ, ಗುಬ್ಬಿ ಇಬ್ಬರೂ ಬಸ್ಸು ಹತ್ತಿರುತ್ತಾರೆ. ಈಗ ನಿನ್ನ ಮುಂದೆ ಉಣ್ಣುತ್ತಿದ್ದಾರಲ್ಲ, ಅವರನ್ನು ವಾಪಸು ಕಳಿಸಬೇಡ. ನಿಮ್ಮಮ್ಮ ಮಿಷನ್ನಿನ ಕೆಳದಾರದ ಬಾಬಿನ್ ಕೇಸನ್ನು ಸೆರಗಿಗೆ ಗಂಟು ಹಾಕಿಕೊಂಡಿದ್ದಾಳೆ, ಅದಿಲ್ಲದೆ ಆ ಮಿಷನ್ ಓಡುವುದಿಲ್ಲ. ಅವಳಾಗಿ ಹೇಳುವುದಿಲ್ಲ, ನೀನೇ ಕೇಳಿ ನೋಡು. ನಾನು ಬರುವುದಿಲ್ಲ, ಅವನ ಕೈಗೆ ಚಾಕು ಕೊಟ್ಟವಳು ನಾನು, ನಾನೇ ಇರುತ್ತೇನೆ. ಅವನು ನಿನ್ನ ಬಾಗಿಲಿಗೆ ಬರುತ್ತಾನೆ, ಕೈಯಲ್ಲಿ ಜಿರಾಫೆ ಇರುತ್ತದೆ, ಕಣ್ಣಲ್ಲಿ ನಿಜವಾದ ನೀರಿರುತ್ತದೆ. ಬಾಗಿಲು ತೆಗೆಯಬೇಡ. ಇನ್ನೊಂದು. ಮೊದಲ ವಾರದಲ್ಲೇ ಗುಬ್ಬಿ ನಿನ್ನ ಮನೆಯ ಯಾವುದಾದರೂ ಒಳ್ಳೆಯ ವಸ್ತು ನೋಡಿ ಒಡೆಯುತ್ತಾಳೆ, ಒಡೆದು ತೋಳು ಮಡಚಿಕೊಂಡು ನಿನ್ನ ಮುಖ ನೋಡುತ್ತಾಳೆ. ಹೊಡೆಯಬೇಡ, ಏನನ್ನೂ ಕೊಡಲೂ ಬೇಡ. ಚೂರು ಗುಡಿಸಿ ಊಟಕ್ಕೆ ಕರೆ.