ಸತ್ತವನ ಪಾಲು

ಮಾರ್ಚ್ ೧೪, ಗುರುವಾರ.

ಯುದ್ಧಕೈದಿಗಳ ಶಿಬಿರದಲ್ಲಿ ನನ್ನ ಪಕ್ಕದಲ್ಲೇ ಸತ್ತ ಗೆಳೆಯನ ಮಗಳು ಇವತ್ತು ಮನೆಗೆ ಬಂದಿದ್ದಳು. ಅವಳಿಗೀಗ ಐವತ್ತು, ಮೂಗು ಥೇಟ್ ಅವನದೇ.

“ಮಾಮ, ಅಪ್ಪ ಕೊನೇಲಿ ತುಂಬಾ ನರಳಿದ್ರಾ?”

“ಇಲ್ಲಮ್ಮ. ನಿದ್ದೇಲೇ ಹೋದ.”

ಅದು ನಿಜ. ಆಮೇಲಿನದನ್ನು ಹೇಳಲು ಬಾಯಿ ಬರಲಿಲ್ಲ. ಅವನು ಸತ್ತದ್ದನ್ನು ಎರಡು ದಿನ ನಾನು ಮುಚ್ಚಿಟ್ಟಿದ್ದೆ. ಕಂಬಳಿ ಹೊದಿಸಿ, “ಜ್ವರ, ಮಲಗಿದ್ದಾನೆ” ಎಂದು ಕಾವಲುಗಾರನಿಗೆ ಹೇಳಿ, ಅವನ ಪಾಲಿನ ಬ್ರೆಡ್ಡನ್ನೂ ತಿಂದೆ. ಹಸಿದ ಹೊಟ್ಟೆಗೆ ನಾಚಿಕೆಯಿಲ್ಲ; ನಾಚಿಕೆ ಆಮೇಲೆ ಬಂತು, ನಲವತ್ತೆಂಟು ವರ್ಷವಾದರೂ ಹೋಗಿಲ್ಲ. ಹೆಂಡತಿಗೂ ಹೇಳಿಲ್ಲ.

ಹೊರಡುವಾಗ ಅವಳು ನನ್ನ ಕೈ ಹಿಡಿದು, “ಕೊನೇವರೆಗೂ ಅಪ್ಪನ ಜೊತೆಗಿದ್ರಲ್ಲ, ಅಷ್ಟು ಸಾಕು” ಎಂದಳು.

ಹೇಳಿಬಿಡೋಣ ಎಂದು ಬಾಗಿಲವರೆಗೆ ಹೋದೆ. ಅವಳು ಮೆಟ್ಟಿಲಿಳಿದು, ತಿರುಗಿ ನಕ್ಕು ಕೈ ಬೀಸಿದಳು. ನಾನೂ ಬೀಸಿದೆ.