ಇಲ್ಲದ ಕೈಯ ನೋವು

ಅವ್ವಾ,

ಮೂಡಲಗಿಯ ಕಾಲೇಜಿನಲ್ಲಿ ಈಗ ನಾನು ಮನಃಶಾಸ್ತ್ರ ಕಲಿಸುತ್ತೇನೆ. ಕೈ ಕತ್ತರಿಸಿ ಹೋದರೂ ಮಿದುಳಿನಲ್ಲಿ ಅದರ ಜಾಗ ಉಳಿದಿರುತ್ತದೆ, ಹಾಗಾಗಿ ಇಲ್ಲದ ಕೈ ನೋಯುತ್ತದೆ ಎಂದು ಇವತ್ತು ಪಾಠ ಮಾಡಿದೆ.

"ಖರೇನ ನೋವ ಆಗತೈತೇನ್ರಿ, ಮೇಡಂ?" ಎಂದು ದೀಪಾ ಎಂಬ ಹುಡುಗಿ ಕೇಳಿದಳು. ಹೌದೆಂದೆ.

ಮನೆಗೆ ಬಂದು ಅಪ್ಪನಿಗೂ ಹೇಳಿದೆ. ಕಬ್ಬಿನ ಗಾಣದಲ್ಲಿ ನಿನ್ನ ಬಲಗೈ ಹೋದ ಮೇಲೆ, ಬೆರಳು ನೋಯುತ್ತಿವೆ ಎಂದು ನೀನು ಅತ್ತಾಗಲೆಲ್ಲ ಗದರುತ್ತಿದ್ದವನು ಅವನೇ ಅಲ್ಲವೇ?

"ಹಂಗಾರ ಆಕಿ ನಾಟಕ ಮಾಡತಿದ್ದಿಲ್ಲನ?"

"ಇಲ್ಲಪ್ಪಾ."

ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. "ಬೆರಳ ತಿಕ್ಕರಿ ಅಂತಿದ್ಲು. ಎಲ್ಲೈತಿ ಕೈ ಅಂತಿದ್ದೆ ನಾ."

ಆಮೇಲೆ ಉಣ್ಣಲಿಲ್ಲ. ಈ ವಯಸ್ಸಿನಲ್ಲಿ ಅವನಿಗೆ ಹೇಳಬಾರದಿತ್ತೇನೋ. ಆದರೆ ನಿನ್ನ ನೋವು ಖರೆ ಎಂದು, ನೀನು ತೀರಿಹೋದ ಮೇಲಾದರೂ, ಈ ಮನೆಯಲ್ಲಿ ಯಾರಾದರೂ ಒಮ್ಮೆ ಹೇಳಬೇಕಿತ್ತು, ಅವ್ವಾ.