ಮೂರನೆಯ ಪುಟದ ಸಹಿ

ಪೈನಿ ಹಾಲೋ, ಪಶ್ಚಿಮ ವರ್ಜೀನಿಯಾ
ಸೋಮವಾರ, ಮಾರ್ಚ್ 9

ಥರ್ಮನ್,

ಗಣಿ ಕಂಪನಿ ಕೊಟ್ಟ ಮಾತುಗಳು ಇವು. ಇಪ್ಪತ್ತು ವರ್ಷ ಗಣಿಗಿಳಿದವನಿಗೆ ಸಾಯುವವರೆಗೆ ಪಿಂಚಣಿ. ಅವನಿಗೂ ಅವನ ಹೆಂಡತಿಗೂ ಆಸ್ಪತ್ರೆ ಕಾರ್ಡು. ಎದೆಯಲ್ಲಿ ಕಲ್ಲಿದ್ದಲ ಧೂಳು ಕೂತರೆ ಔಷಧದ ಖರ್ಚು. ಸಿಕ್ಕಿದ್ದು ಕಂಪನಿ ದಿವಾಳಿಯಾಯಿತು ಅನ್ನುವ ಒಂದು ಹಾಳೆ. ಪಿಂಚಣಿ ಇಲ್ಲ. ಕಾರ್ಡು ಇಲ್ಲ. ಔಷಧ ಇಲ್ಲ. ಧೂಳು ಮಾತ್ರ ಕೊಟ್ಟದ್ದು ಕೊಟ್ಟ ಹಾಗೇ ಇದೆ, ಅದನ್ನು ಯಾವ ನ್ಯಾಯಾಲಯವೂ ವಾಪಸ್ ಕೇಳಿಲ್ಲ.

ನಿನಗೆ ಗೊತ್ತಿಲ್ಲದ್ದೇನೂ ಅಲ್ಲ. ಆದರೂ ಬರೆದೆ. ನೀನು ಸಹಿಗೆ ಕಳಿಸಿದ ಕಾಗದದಲ್ಲಿ ಇದರ ಒಂದಕ್ಷರವೂ ಇಲ್ಲ.

ನಿನ್ನೆ ಡ್ರೀಮಾ ಬಂದಿದ್ದಳು. ಮಗಳು ಬಹಳ ದಿನದ ಮೇಲೆ ಬರುತ್ತಾಳೆ ಅಂತ ಬೀನ್ಸ್ ಬೇಯಿಸಿ, ಮೆಕ್ಕೆಜೋಳದ ಬ್ರೆಡ್ಡು ಮಾಡಿಟ್ಟಿದ್ದೆ. ಅವಳು ಚಮಚ ಮುಟ್ಟುವ ಮೊದಲೇ ಲಕೋಟೆ ತೆಗೆದು ತಟ್ಟೆಯ ಪಕ್ಕ ಇಟ್ಟಳು. ಅಪ್ಪನದು, ನೋಟರಿ ಮುಂದೆ ಸಹಿ ಹಾಕಬೇಕಂತೆ, ತಿಂಗಳು ಮುಗಿಯುವುದರೊಳಗೆ ಹೋಗಬೇಕಂತೆ ಅಂದಳು.

ವಿಷಯ ಅರ್ಥವಾಯಿತು. ನಿನ್ನ ಗಣಿ ಸಂಬಳದಲ್ಲಿ ವಾರವಾರ ಹಿಡಿದ ಉಳಿತಾಯವೊಂದು ದಿವಾಳಿಯಲ್ಲಿ ಮುಳುಗದೆ ಉಳಿದಿದೆ. ಅದನ್ನು ಇಟ್ಟುಕೊಂಡಿರುವ ಟೈ ಕಟ್ಟಿದ ಜನ ಹಣ ಬೆಳೆದ ವರ್ಷವೂ ತಮ್ಮ ಪಾಲು ಕೊಯ್ಯುತ್ತಾರೆ, ಬಾಡಿದ ವರ್ಷವೂ ಕೊಯ್ಯುತ್ತಾರೆ. ನೀನೀಗ ಸರ್ಕಾರಿ ಜೈಲಿನ ಕಾವಲುಗಾರ. ಸರ್ಕಾರಿ ನೌಕರರ ಉಳಿತಾಯ ಯೋಜನೆಗೆ ಅದನ್ನು ಸಾಗಿಸಿದರೆ ಹಿಡಿಯುವ ಖರ್ಚು ಹೆಸರಿಗಷ್ಟೇ. ಆದರೆ ಕಂಪನಿಯ ಖಾತೆಯಿಂದ ಹಣ ಎತ್ತಲು ಹೆಂಡತಿ ಒಪ್ಪಬೇಕು. ಮೂರು ವರ್ಷ ಬೇರೆ ಮನೆಯಲ್ಲಿ, ನನ್ನ ಒಪ್ಪಿಗೆಯೇ ಬೇಡವೆಂದು ಬದುಕಿದವನನ್ನು ಕಾನೂನು ನನ್ನ ಬಾಗಿಲಿಗೆ ಅಟ್ಟಿತು. ನೀನು ಅಲ್ಲಿಗೂ ಮಗಳನ್ನೇ ಕಳಿಸಿದೆ.

ನಿನ್ನ ಲೆಕ್ಕದಲ್ಲಿ ತಪ್ಪಿಲ್ಲ. ನಾನೂ ಅದನ್ನೇ ಮಾಡುತ್ತಿದ್ದೆ. ಆದರೆ ಮೂರನೆಯ ಪುಟ ಓದಿದೆಯಾ? ಸ್ವಂತ ಇಚ್ಛೆಯಿಂದ ಹಣ ಸಾಗಿಸಿಕೊಂಡವನೂ ಅವನ ಹೆಂಡತಿಯೂ ಕಂಪನಿಯ ಮೇಲಿನ ಬೇರೆಲ್ಲ ಹಕ್ಕನ್ನು ಬಿಟ್ಟುಕೊಟ್ಟಂತೆ, ಅಂತ ಬರೆದಿದ್ದಾರೆ. ಅಂದರೆ ಪಿಂಚಣಿಗೂ ಆಸ್ಪತ್ರೆ ಕಾರ್ಡಿಗೂ ಐವತ್ತು ಮನೆಯವರು ಸೇರಿ ಹೂಡಿದ ದಾವೆಯಿಂದ ನಮ್ಮ ಹೆಸರು ಹೊಡೆದುಹಾಕುತ್ತಾರೆ. ನಿನ್ನದೇ ದುಡ್ಡನ್ನು ನಿನಗೆ ಕೊಡಲು ನಮ್ಮ ಬಾಯಿ ಹೊಲಿಯುತ್ತಿದ್ದಾರೆ. ಕದ್ದ ಮನೆಯ ಬಾಗಿಲಲ್ಲೇ ನಿಂತು ರಸೀದಿ ಕೇಳುವ ಕಳ್ಳರು ಇವರು.

ನಾನು ಕನ್ನಡಕ ಹಾಕಿಕೊಂಡು ಅದನ್ನು ಮತ್ತೊಮ್ಮೆ ಓದಲು ಕೂತೆ. ಡ್ರೀಮಾಗೆ ಸಿಟ್ಟು ಬಂತು.

"ಅಮ್ಮಾ, ಆ ಮನುಷ್ಯ ನಾಕು ಮೆಟ್ಲು ಹತ್ತೋಕಾಗ್ದೆ ಗೋಡೆ ಹಿಡ್ಕೊಂಡು ನಿಂತ್ಕೋತಾನೆ. ನೀನಿಲ್ಲಿ ಚುಕ್ಕಿ ಗೆರೆ ಎಣಿಸ್ತಾ ಕೂತಿದೀಯ."

ಯಾವ ಮೆಟ್ಟಿಲು ಅಂದೆ. ಹೇಳಬಾರದು ಅಂತ ನೀನು ಆಣೆ ಹಾಕಿಸಿದ್ದೆಯಂತೆ, ಆದರೂ ಒಂದೊಂದಾಗಿ ಎಲ್ಲ ಬಾಯಿಬಿಟ್ಟಳು. ಕಾವಲು ಗೋಪುರ ಹತ್ತಲಾರೆ ಅಂತ ನಿನ್ನನ್ನು ಗೇಟಿಗೆ ಹಾಕಿದ್ದಾರೆ. ಡಾಕ್ಟರು ಎದೆಯ ಚಿತ್ರ ತೋರಿಸಿದ್ದಾರೆ. ಉಳಿತಾಯ ಯೋಜನೆಯ ಕಚೇರಿಯಲ್ಲಿ ನೀನು ಕೇಳಿದ್ದು ಒಂದೇ ಪ್ರಶ್ನೆ, ನಾನು ಹೋದಮೇಲೆ ಇದು ಹೆಂಡತಿಗೆ ಎಷ್ಟು ಬೇಗ ಸಿಗುತ್ತದೆ ಅಂತ. ಅಲ್ಲಿದ್ದ ಹುಡುಗಿ ದಂಪತಿ ಒಟ್ಟಿಗಿದ್ದೀರಾ ಅಂತ ಕೇಳಿದ್ದಕ್ಕೆ, "ಒಲೆ ಎರಡಾಗಿದೆ ಕಣಮ್ಮ, ಹೆಂಡತಿ ಒಬ್ಬಳೇ" ಅಂದೆಯಂತೆ.

ಬೀನ್ಸ್ ಆರಿಹೋಯಿತು. ನಾವಿಬ್ಬರೂ ತಿನ್ನಲಿಲ್ಲ.

ನಿನ್ನ ಮೇಲಿನ ಸಿಟ್ಟು ಕರಗಿತು ಅಂದುಕೊಳ್ಳಬೇಡ. ಮುಷ್ಕರದ ಒಂಬತ್ತನೆಯ ವಾರ ನೀನು ಗಣಿ ಗೇಟಿನ ಧರಣಿ ಸಾಲು ಬಿಟ್ಟು ಜೈಲಿನ ನೌಕರಿಯ ಪರೀಕ್ಷೆ ಬರೆಯಲು ಹೋದೆ. ಕಲ್ಲಿದ್ದಲಿಗಾಗಿ ನಿನ್ನ ಕೈಯಿಂದಲೇ ನೆತ್ತಿ ಬೋಳಾದ ಬೆಟ್ಟದ ಮೇಲೆ ಸರ್ಕಾರ ಕಟ್ಟಿದ ಜೈಲು ಅದು. ಕಂಪನಿಯ ಲಾರಿಗಳಿಗೆ ದಾರಿ ಬಿಡಿಸಿ, ನಮ್ಮ ಹೆಂಗಸರನ್ನು ರಸ್ತೆಯಿಂದ ಎತ್ತಿ ಎಸೆದದ್ದೂ ಅದೇ ಸರ್ಕಾರ. ಅದರ ಸಮವಸ್ತ್ರ ಹಾಕಿಕೊಂಡು ನೀನು ಊಟಕ್ಕೆ ಬಂದ ದಿನ ನಾನು ತಟ್ಟೆ ಇಡಲಿಲ್ಲ. ಈಗಲೂ ಇಡುತ್ತಿರಲಿಲ್ಲ. ಆದರೆ ಮುಷ್ಕರ ಸೋತು ಗಣಿ ಮುಚ್ಚಿದ ಮೇಲೆ ಈ ಕಣಿವೆಯಲ್ಲಿ ಸಂಬಳ ಅಂತ ಬರುವುದು ಎರಡೇ ಕಡೆಯಿಂದ, ಜೈಲು ಮತ್ತು ಆಸ್ಪತ್ರೆ. ಅದನ್ನೂ ನೋಡುತ್ತಿದ್ದೇನೆ.

ಸಹಿ ಹಾಕುತ್ತೇನೆ. ಬದುಕಿರುವಾಗ ನಿನ್ನನ್ನು ತಿಂದವರು, ಹೋದಮೇಲೂ ನಿನ್ನ ಉಳಿತಾಯ ಕುಳಿತು ತಿನ್ನುವುದನ್ನು ನಾನು ನೋಡಲಾರೆ. ಆದರೆ ಮನೆಯಲ್ಲಿ, ಕದ್ದು, ಒಬ್ಬಳೇ ಹಾಕುವುದಿಲ್ಲ. ಮುಷ್ಕರದ ಅಡುಗೆಮನೆಯಲ್ಲಿ ನಾವು ಹೆಂಗಸರು ಮಾಡಿಕೊಂಡ ಕಟ್ಟು ನಿನಗೆ ಗೊತ್ತು. ಕಂಪನಿಯ ಯಾವ ಕಾಗದವನ್ನೇ ಆದರೂ ಮೊದಲು ಸಭೆಯಲ್ಲಿ ಗಟ್ಟಿಯಾಗಿ ಓದಬೇಕು. ಒಪ್ಪಿದರೂ, ಬಿಟ್ಟರೂ, ಎಲ್ಲರ ಎದುರು. ಹಾಗಾಗಿ ಗುರುವಾರದ ಸಭೆಯಲ್ಲಿ, ಚರ್ಚಿನ ನೆಲಮಾಳಿಗೆಯಲ್ಲಿ ಎಲ್ಲರ ಮುಂದೆ ಮೂರನೆಯ ಪುಟ ಓದುತ್ತೇನೆ. ನನ್ನ ಗಂಡನ ಉಸಿರು ಮುಗಿಯುತ್ತಿದೆ, ಅದಕ್ಕೆ ನಾನು ನಿಮ್ಮಿಂದ ಕಳಚಿಕೊಳ್ಳುತ್ತಿದ್ದೇನೆ ಅಂತ ಹೇಳುತ್ತೇನೆ. ಬೈದರೆ ಬೈಸಿಕೊಳ್ಳುತ್ತೇನೆ. ಒಂದು ಮನೆ ಹೋದರೂ ಉಳಿದ ಮನೆಗಳ ದಾವೆ ಬೀಳುವುದಿಲ್ಲ, ಹೆಸರುಗಳಿರುವವರೆಗೆ ಅದು ಜೀವಂತ ಅಂತ ವಕೀಲರು ಹೇಳಿದ್ದಾರೆ. ಓಪಲ್ ಬ್ಯಾಂಕಿನಲ್ಲಿ ನೋಟರಿ, ನಮ್ಮವಳೇ. ಮುದ್ರೆ ತರಲು ನಾಳೆ ಅವಳಿಗೆ ಹೇಳಿ ಬಂದು, ಈ ಪತ್ರ ಅಂಚೆಗೆ ಹಾಕುತ್ತೇನೆ.

ಮೆಟ್ಟಿಲು ಹತ್ತುವಾಗ ನಿಧಾನ. ಗೇಟಿನಲ್ಲಿ ಚಳಿಗಾಳಿ ಇದ್ದರೆ ಮೂಗು ಬಾಯಿಗೆ ಬಟ್ಟೆ ಕಟ್ಟಿಕೋ. ಯಾರು ನಕ್ಕರೂ ಕಟ್ಟಿಕೋ.

ಬೇರೆ ಒಲೆಯವಳು,
ಓರ್ಲೀನಾ

ಮರೆತದ್ದಲ್ಲ, ಮಂಗಳವಾರ ಸೇರಿಸಿದ್ದು:

ಓಪಲ್ ಹತ್ತಿರ ಹೋಗಿದ್ದೆ. ಗುರುವಾರ ಮುದ್ರೆ ತಾ, ಎಲ್ಲರ ಎದುರು ಹಾಕಿಸಿಕೊಳ್ಳುತ್ತೇನೆ ಅಂದೆ. ಅವಳು ಕೌಂಟರಿನ ಹಿಂದಿನಿಂದ ಎದ್ದು ಬಂದು ನನ್ನ ಪಕ್ಕ ನಿಂತಳು.

"ಯಾರೆದುರು ಓದ್ತೀಯೇ, ಓರ್ಲೀನಾ? ಎಲ್ಲರ ಮೂರನೇ ಪುಟಕ್ಕೂ ಮುದ್ರೆ ಹಾಕಿ ಮುಗಿಸಿದ್ದೀನಿ. ಅವರವರ ಅಡುಗೆಮನೇಲಿ, ಬಾಗಿಲು ಹಾಕ್ಕೊಂಡು. ನಿಂಗೆ ಹೇಳ್ಬೇಡ ಅಂತ ಒಬ್ಬೊಬ್ಬಳೂ ಕೈ ಹಿಡ್ಕೊಂಡಳು. ನಂದೂ ಆಯ್ತು."

ಚಳಿಗಾಲವಿಡೀ ಸಭೆಗೆ ಯಾಕೆ ಯಾರೂ ಬರಲಿಲ್ಲ, ಅಂಗಡಿಯಲ್ಲಿ ಕಂಡರೆ ಯಾಕೆ ಪಕ್ಕದ ಸಾಲಿಗೆ ಸರಿಯುತ್ತಿದ್ದರು ಅಂತ ಈಗ ತಿಳಿಯಿತು. ಜ್ವರ, ಹಿಮ, ಮೊಮ್ಮಕ್ಕಳು ಅಂತ ಅವರು ಹೇಳಿದ್ದನ್ನೆಲ್ಲ ನಂಬಿದ್ದೆ. ಅವರನ್ನು ಬೈಯಲಾರೆ. ಅವರ ಮನೆಗಳಲ್ಲೂ ಗೋಡೆ ಹಿಡಿದು ನಿಲ್ಲುವವರಿದ್ದಾರೆ.

ದಾವೆಯಲ್ಲಿ ಉಳಿದಿರುವುದು ನಮ್ಮ ಹೆಸರೊಂದೇ, ಥರ್ಮನ್. ನಾನು ಸಹಿ ಹಾಕಿದ ಗಳಿಗೆ ಅಲ್ಲಿ ಯಾರೂ ಇರುವುದಿಲ್ಲ. ಆದರೂ ಹಾಕುತ್ತೇನೆ. ಕಟ್ಟು ಕಟ್ಟೇ, ಖಾಲಿ ಕುರ್ಚಿಗಳಿಗಾದರೂ ಓದಿಯೇ ಹಾಕುತ್ತೇನೆ. ನಿನಗೆ ಬರಲಾದರೆ ಬಾ, ಸಮವಸ್ತ್ರದಲ್ಲೇ ಬಂದರೂ ಸರಿ. ಗುರುವಾರ, ಸಂಜೆ ಏಳು ಗಂಟೆಗೆ.